ಕೊಂಬಿನಿಂದ ಗಂಟಿನವರೆಗೆ

ಗುಂಡ್ಲುಪೇಟೆ ಕಡೆಯ ಅರಿಸಿನ ಬೆಳೆಗಾರರೊಬ್ಬರು ಕಳೆದ ದೀಪಾವಳಿ ಮುಗಿದ ವಾರದಲ್ಲಿ ನನಗೊಂದು ಕಾಗದ ಬರೆದಿದ್ದರು. ಗೆರೆ ಹಾಳೆಯ ಎರಡೂ ಮಗ್ಗುಲಿಗೆ ಒತ್ತಿ ಬರೆದ ಅಕ್ಷರ. ‘ಎರಡು ಎಕರೆ ಅರಿಸಿನ ಇಟ್ಟಿದ್ದೇನೆ. ಮನೆಯಾಕೆಗೆ ಎದೆಯಲ್ಲಿ ಗಂಟು ಕಂಡು, ಪರೀಕ್ಷೆ ಮಾಡಿ ಕ್ಯಾನ್ಸರ್ ಅಂದಿದ್ದಾರೆ. ಕೀಮೋ ಕೊಡಬೇಕಂತೆ. ಅರಿಸಿನಕ್ಕೆ ಕ್ಯಾನ್ಸರ್ ಕೊಲ್ಲುವ ಶಕ್ತಿ ಇದೆ, ವಿಜ್ಞಾನಿಗಳೇ ಒಪ್ಪಿದ್ದಾರೆ ಅಂತ ಫೋನಿಗೆ ದಿನಾ ಒಂದೊಂದು ಬರುತ್ತದೆ. ಮನೆ ತುಂಬ ಅರಿಸಿನ ಇಟ್ಟುಕೊಂಡು ನಾನು ಯಾಕೆ ಆಕೆಗೆ ಆ ವಿಷ ಹಾಕಿಸಲಿ? ನೀವು ಔಷಧಿ ಪಾಠ ಹೇಳಿದವರು. ಇದ್ದದ್ದು ಇದ್ದಹಾಗೆ ಹೇಳಿ.’

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಅರಿಸಿನದ್ದೇ ಹೆಚ್ಚು. ದಿನಕ್ಕೆ ಎಷ್ಟು ಚಮಚ, ಹಾಲಿಗೋ ಬಿಸಿನೀರಿಗೋ, ಮಾತ್ರೆಯಾದರೆ ಯಾವ ಕಂಪನಿಯದು ಎಂದು ಕೇಳುತ್ತಲೇ ಇರುತ್ತಾರೆ. ಇಷ್ಟು ದಿನ ಒಂದೆರಡು ಸಾಲಿನಲ್ಲಿ ಉತ್ತರಿಸಿ ಮುಂದೆ ಹೋಗುತ್ತಿದ್ದೆ. ಈ ಕಾಗದಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಆ ಮನುಷ್ಯ ಕೇಳಿದ್ದು ನ್ಯಾಯವಾದ ಪ್ರಶ್ನೆ, ಅದಕ್ಕೆ ಪೂರ್ತಿ ಉತ್ತರ ಸಿಗಬೇಕು. ‘ಅದೆಲ್ಲ ಸುಳ್ಳು’ ಎಂದುಬಿಟ್ಟರೆ ನಾನೂ ಸುಳ್ಳು ಹೇಳಿದಂತಾಗುತ್ತದೆ. ಅವರ ಫೋನಿಗೆ ಬಂದ ಸಂದೇಶದಲ್ಲಿ ಅರ್ಧ ನಿಜ ಇದೆ, ಅಪಾಯವೂ ಆ ಅರ್ಧದಲ್ಲೇ ಇದೆ.

ಮೊದಲು ನಿಜ ಇರುವ ಅರ್ಧವನ್ನು ನೋಡೋಣ. ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ಮುಖ್ಯ ವಸ್ತುವಿನ ಹೆಸರು ಕರ್ಕ್ಯುಮಿನ್. ನೂರು ಗ್ರಾಂ ಅರಿಸಿನ ಪುಡಿಯಲ್ಲಿ ಈ ಗುಂಪಿನ ವಸ್ತುಗಳು ಸುಮಾರು 3 ಗ್ರಾಂ ಇರುತ್ತವೆ. ತಳಿ, ಮಣ್ಣು ನೋಡಿಕೊಂಡು ಒಂದೆರಡು ಗ್ರಾಂ ಹೆಚ್ಚು ಕಡಿಮೆ. 1815ರಲ್ಲೇ ಫ್ರಾನ್ಸಿನಲ್ಲಿ ಫೋಗೆಲ್ ಮತ್ತು ಪೆಲ್ಟಿಯೇ ಇದನ್ನು ಬೇರ್ಪಡಿಸಿದ್ದರು. ಅದರ ರಚನೆ ಹೀಗೇ ಎಂದು ತಿಳಿಯಲು 1910ರವರೆಗೆ ಕಾಯಬೇಕಾಯಿತು. ನಮ್ಮ ಹೆಂಗಸರಿಗೆ ಮಾತ್ರ ಈ ಅಣುವಿನ ಗುಣ ಯಾವ ಪ್ರಯೋಗಶಾಲೆಯೂ ಇಲ್ಲದೆ ಗೊತ್ತಿತ್ತು. ಅರಿಸಿನ ನೀರಿನಲ್ಲಿ ಕರಗದು, ತಳಕ್ಕೆ ಕೂರುತ್ತದೆ. ಎಣ್ಣೆಯ ಒಗ್ಗರಣೆಗೆ ಬಿದ್ದರೆ ಬಣ್ಣ ಬಿಡುತ್ತದೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆರತಿ ನೀರು ಕೆಂಪಾಗುತ್ತದೆ. ಬಿಳಿ ಪಂಚೆಗೆ ಅರಿಸಿನದ ಕಲೆಯಾದರೆ ಒಗೆದು ಬಿಸಿಲಿಗೆ ಹಾಕು, ಸಂಜೆಯೊಳಗೆ ಹೋಗುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದರು, ಹೋಗುತ್ತಿತ್ತು ಕೂಡ. ನೀರಿಗೆ ಬಗ್ಗದು, ಕ್ಷಾರ ತಗುಲಿದರೆ ಬದಲಾಗುತ್ತದೆ, ಬೆಳಕಿಗೆ ಮುರಿಯುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇದನ್ನು ಕ್ಯಾನ್ಸರಿಗೆ ತಂದು ಜೋಡಿಸಿದ ಮೊದಲ ಕೆಲಸಗಳಲ್ಲಿ ಒಂದು ನಮ್ಮ ನೆರೆಯಲ್ಲೇ ನಡೆಯಿತು. ಕೇರಳದ ತ್ರಿಶ್ಶೂರಿನ ಅಮಲ ಕ್ಯಾನ್ಸರ್ ಸಂಶೋಧನಾ ಕೇಂದ್ರದ ರಾಮದಾಸನ್ ಕುಟ್ಟನ್ ಮತ್ತು ಸಂಗಡಿಗರು 1985ರಲ್ಲಿ ಅರಿಸಿನದ ಸಾರ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು ತೋರಿಸಿದರು. ಹತ್ತು ವರ್ಷದ ನಂತರ ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಭರತ್ ಅಗರ್‌ವಾಲ್ ಅವರ ತಂಡ, ಕೋಶದೊಳಗೆ ಉರಿಯೂತವನ್ನು ಹೊತ್ತಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಗುಂಡಿಯನ್ನು ಒತ್ತಲು ಕರ್ಕ್ಯುಮಿನ್ ಬಿಡುವುದಿಲ್ಲ ಎಂದು ವಿವರಿಸಿತು. ಆ ಗುಂಡಿ ಸದಾ ಒತ್ತಿಕೊಂಡೇ ಇದ್ದರೆ ಕೋಶ ಸಾಯಬೇಕಾದ ಹೊತ್ತಿಗೆ ಸಾಯದೆ ಬೆಳೆಯುತ್ತ ಹೋಗುತ್ತದೆ. ಅನೇಕ ಬಗೆಯ ಗಡ್ಡೆಗಳಲ್ಲಿ ಹೀಗಾಗಿರುತ್ತದೆ. ಅಲ್ಲಿಂದ ಮುಂದೆ ಕರ್ಕ್ಯುಮಿನ್ ಮೇಲೆ ಸಾವಿರಾರು ಪ್ರಬಂಧಗಳು ಬಂದವು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ, ಕರುಳು, ಬಾಯಿ, ರಕ್ತದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದಾಗ ಅವು ಬೆಳೆಯುವುದನ್ನು ನಿಲ್ಲಿಸಿದವು, ಸತ್ತವು. ಸಂದೇಶ ಬರೆಯುವವರು ಹೇಳುವ ‘ವಿಜ್ಞಾನಿಗಳೇ ಒಪ್ಪಿದ್ದಾರೆ’ ಎಂಬ ಮಾತಿನ ಮೂಲ ಇದು. ಆ ಪ್ರಬಂಧಗಳೆಲ್ಲ ಗಟ್ಟಿಯಲ್ಲ ಎಂಬುದನ್ನೂ ಹೇಳಬೇಕು. ಅಗರ್‌ವಾಲ್ ಅವರ ಹೆಸರಿದ್ದ ಎರಡು ಡಜನ್‌ಗಿಂತ ಹೆಚ್ಚು ಪ್ರಬಂಧಗಳನ್ನು ಪತ್ರಿಕೆಗಳು ಮುಂದೆ ಹಿಂತೆಗೆದುಕೊಂಡವು. ಆದರೆ ಕರ್ಕ್ಯುಮಿನ್ ಕೋಶಗಳ ಮೇಲೆ ಏನೋ ಮಾಡುತ್ತದೆ ಎಂಬುದನ್ನು ಜಗತ್ತಿನ ಬೇರೆ ಬೇರೆ ಕಡೆ ಬೇರೆ ಬೇರೆ ಜನ ನೋಡಿದ್ದಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ತಟ್ಟೆ ಬೇರೆ, ಮೈ ಬೇರೆ. ತಟ್ಟೆಯಲ್ಲಿ ಕೋಶಗಳ ಮೇಲೆ ಔಷಧವನ್ನು ನೇರವಾಗಿ ಸುರಿಯುತ್ತೇವೆ. ಹೊಟ್ಟೆ ಇಲ್ಲ, ಕರುಳಿಲ್ಲ, ಪಿತ್ತಜನಕಾಂಗವಿಲ್ಲ. ಅಲ್ಲಿ ಕೋಶಗಳನ್ನು ಕೊಲ್ಲುವ ವಸ್ತುಗಳ ಪಟ್ಟಿ ಬಲು ಉದ್ದ. ಅದರಲ್ಲಿ ಔಷಧವಾಗಿ ಹೊರಬರುವವು ಬೆರಳೆಣಿಕೆಯಷ್ಟು. ಕರ್ಕ್ಯುಮಿನ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇಂಥ ಎಷ್ಟೋ ಪರೀಕ್ಷೆಗಳಲ್ಲಿ ಫಲಿತಾಂಶವನ್ನು ಬೆಳಕಿನಿಂದ ಓದುತ್ತಾರೆ, ಕರ್ಕ್ಯುಮಿನ್ ತಾನೇ ಬೆಳಗುವ ವಸ್ತು. ಅದು ಕಂಡ ಕಂಡ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಕೋಶದ ಪೊರೆಯನ್ನು ಕಲಕುತ್ತದೆ. ಹಾಗಾಗಿ ಮಾಡದ ಕೆಲಸವನ್ನೂ ಮಾಡಿದಂತೆ ತೋರಿಸುತ್ತದೆ. 2017ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥರಿನ್ ನೆಲ್ಸನ್, ಮೈಕೆಲ್ ವಾಲ್ಟರ್ಸ್ ಮತ್ತು ಇತರ ರಸಾಯನ ವಿಜ್ಞಾನಿಗಳು ಇದನ್ನೆಲ್ಲ ಒಂದೆಡೆ ಇಟ್ಟು, ಇದು ಪರೀಕ್ಷೆಯನ್ನೇ ದಾರಿ ತಪ್ಪಿಸುವ ಅಣು ಎಂದು ಎಚ್ಚರಿಸಿದರು. ಅರಿಸಿನವನ್ನು ಪ್ರೀತಿಸುವ ನನ್ನಂಥವನಿಗೆ ಆ ಲೇಖನ ಓದಿ ಬೇಸರವಾಯಿತು. ಎರಡು ಸಲ ಓದಿದೆ. ವಾದದಲ್ಲಿ ಬಿರುಕು ಸಿಗಲಿಲ್ಲ.

ಬಾಯಿಗೆ ಹಾಕಿಕೊಂಡ ಅರಿಸಿನ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಶಿಸ್ತಾಗಿ ಕೇಳಿದವರು ಮೈಸೂರಿನವರು ಎಂದು ಹೇಳುವಾಗ ನನಗೆ ಹೆಮ್ಮೆ. ಚೆಲುವಾಂಬ ಮ್ಯಾನ್ಷನ್ನಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಎನ್. ಚಂದ್ರಶೇಖರ ಅವರು ಇಲಿಗಳಿಗೆ 400 ಮಿಲಿಗ್ರಾಂ ಕರ್ಕ್ಯುಮಿನ್ ಕುಡಿಸಿ ಹುಡುಕಿದರು, 1980ರಲ್ಲಿ ಪ್ರಕಟಿಸಿದರು. ಇಲಿಗೆ ಅದು ಭಾರೀ ಪ್ರಮಾಣ. ಅಷ್ಟು ಕೊಟ್ಟರೂ ಹೃದಯದ ರಕ್ತದಲ್ಲಿ ಕರ್ಕ್ಯುಮಿನ್ ಸಿಗಲಿಲ್ಲ. ಕರುಳಿನಿಂದ ಪಿತ್ತಜನಕಾಂಗಕ್ಕೆ ಹೋಗುವ ರಕ್ತನಾಳದಲ್ಲಿ ಅಲ್ಪಸ್ವಲ್ಪ ಸಿಕ್ಕಿತು, ಅಷ್ಟೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಿದುಳಿನ ಸಂಶೋಧನೆಗೆ ಹೆಸರಾದ ವಿಜಯಲಕ್ಷ್ಮಿಯವರ ಆರಂಭದ ಕೆಲಸಗಳಲ್ಲಿ ಇದೊಂದು. ಇಂದು ಮಾತ್ರೆ ಡಬ್ಬಿಯ ಮೇಲೆ ಏನೇನೋ ಬರೆಯುವವರು ಮೊದಲು ಓದಬೇಕಾದ್ದು ಈ ಹಳೆಯ ಪ್ರಬಂಧ.

ಕಾರಣವನ್ನು ನಮ್ಮ ಆರತಿ ತಟ್ಟೆಯೇ ಹೇಳುತ್ತದೆ. ನೀರಿಗೆ ಬಗ್ಗದ ವಸ್ತುವಾದ್ದರಿಂದ ಕರುಳಿನ ಗೋಡೆ ದಾಟುವುದೇ ಕಷ್ಟ. ನಮ್ಮ ರಕ್ತ ಸುಣ್ಣದಷ್ಟಲ್ಲದಿದ್ದರೂ ತುಸು ಕ್ಷಾರದ ಕಡೆಗೆ ವಾಲಿದ್ದು. ಅಷ್ಟೇ ಕ್ಷಾರವಿರುವ ದ್ರಾವಣದಲ್ಲಿ, ಮೈಯ ಬಿಸಿಯಲ್ಲಿ ಕರ್ಕ್ಯುಮಿನ್ ಇಟ್ಟರೆ ಅರ್ಧ ಗಂಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮುರಿದುಹೋಗುತ್ತದೆ. ರಕ್ತದ ಪ್ರೋಟೀನು ಜೊತೆಗಿದ್ದರೆ ಇನ್ನೂ ಸ್ವಲ್ಪ ಹೊತ್ತು ಬಾಳುತ್ತದೆ. ಕರುಳಿನ ಗೋಡೆ ಮತ್ತು ಪಿತ್ತಜನಕಾಂಗಗಳಂತೂ ಸುಮ್ಮನಿರುವುದಿಲ್ಲ. ಒಳಗೆ ಬಂದ ಅಪರಿಚಿತ ಅಣುವಿಗೆ ಸಕ್ಕರೆಯಂಥ ಒಂದು ಬಾಲವನ್ನು ಹಚ್ಚಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಗೆ ಸಾಗಿಸುತ್ತವೆ. ಮೈಯ ಕಾವಲುಗಾರರು ಮಾಡಬೇಕಾದ ಕೆಲಸವೇ ಅದು. ಎದೆಯಲ್ಲಿರುವ ಗಂಟಿಗೆ ತಲುಪಬೇಕಾದ್ದು ಇಷ್ಟು ಬಾಗಿಲು ದಾಟಬೇಕು.

‘ಅದಕ್ಕೇ ಮೆಣಸು ಸೇರಿಸಬೇಕು ಸಾರ್’ ಎಂದು ಓದುಗರು ತಕ್ಷಣ ಹೇಳುತ್ತಾರೆ. ಈ ಮಾತು ಹುಟ್ಟಿದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕರಿಮೆಣಸಿನ ಖಾರದ ಅಂಶವಾದ ಪೈಪರೀನ್ 20 ಮಿಲಿಗ್ರಾಂ ಸೇರಿಸಿದಾಗ ಮೈಗೆ ಒದಗುವ ಪ್ರಮಾಣ ಶೇಕಡ 2000ದಷ್ಟು ಏರಿತು. ಆ 2000 ಎಂಬ ಅಂಕಿ ಇವತ್ತಿಗೂ ಲೋಕವನ್ನೆಲ್ಲ ಸುತ್ತುತ್ತಿದೆ, ಎಲ್ಲ ಡಬ್ಬಿಗಳ ಮೇಲೂ ಕೂತಿದೆ. ಅಂಕಿ ಸರಿಯೇ. ಆದರೆ ಶೂನ್ಯದ ಪಕ್ಕದಲ್ಲಿದ್ದದ್ದನ್ನು ಇಪ್ಪತ್ತು ಪಟ್ಟು ಮಾಡಿದರೆ ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ. ಮೆಣಸಿನ ಜೊತೆ ಕೊಟ್ಟಾಗ ರಕ್ತದಲ್ಲಿ ಕಂಡ ಗರಿಷ್ಠ ಮಟ್ಟ ಒಂದು ಮಿಲಿಲೀಟರಿಗೆ ಸುಮಾರು 0.18 ಮೈಕ್ರೋಗ್ರಾಂ, ಅದೂ ಗಂಟೆಯೊಳಗಿನ ಮಾತು. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲಲು ಸಾಮಾನ್ಯವಾಗಿ ಬಳಸುವುದು ಇದರ ಹತ್ತಾರು ಪಟ್ಟು, ಅದೂ ಒಂದೆರಡು ದಿನ ಬಿಡದೆ.

ಅಡುಗೆಮನೆಯ ಲೆಕ್ಕವನ್ನೂ ಹಾಕಿಬಿಡೋಣ. ದಿನಕ್ಕೆ 2 ಗ್ರಾಂ ಅರಿಸಿನ ತಿಂದರೆ ಕರ್ಕ್ಯುಮಿನ್ ಸುಮಾರು 60 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ. ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಬಳಸಿದ್ದು ದಿನಕ್ಕೆ 8 ಗ್ರಾಂವರೆಗೆ. ಅಷ್ಟು ಸಿಗಬೇಕಾದರೆ ಕಾಲು ಕೆ.ಜಿ.ಗೂ ಮೀರಿ ಅರಿಸಿನ ಪುಡಿಯನ್ನು ದಿನಾ ನುಂಗಬೇಕು. ಗುಂಡ್ಲುಪೇಟೆಯ ನನ್ನ ಓದುಗರಿಗೆ ಅರಿಸಿನಕ್ಕೆ ಕೊರತೆಯಿಲ್ಲ, ನಿಜ. ಮನುಷ್ಯರ ಹೊಟ್ಟೆಗೆ ಅಷ್ಟು ಜಾಗವಿಲ್ಲ.

ಮನುಷ್ಯರಲ್ಲಿ ನೋಡಿದಾಗ ಏನಾಯಿತು? ಹ್ಯೂಸ್ಟನ್‌ನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 25 ಮಂದಿಗೆ ದಿನಕ್ಕೆ 8 ಗ್ರಾಂ ಕೊಟ್ಟು ನೋಡಿದ ವರದಿ 2008ರಲ್ಲಿ ಬಂತು. ಒಬ್ಬರಲ್ಲಿ ರೋಗ ಒಂದೂವರೆ ವರ್ಷ ಮುಂದುವರಿಯದೆ ನಿಂತಿತು. ಇನ್ನೊಬ್ಬರಲ್ಲಿ ಗಡ್ಡೆ ಚೆನ್ನಾಗಿ ಕುಗ್ಗಿತು, ಸ್ವಲ್ಪ ಕಾಲದಲ್ಲೇ ಮತ್ತೆ ಬೆಳೆಯಿತು. ಉಳಿದವರಿಗೆ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. ಆ ಇಬ್ಬರನ್ನು ನಾನು ಮರೆಯುವುದಿಲ್ಲ. ಅವರ ಮೈಯಲ್ಲಿ ಏನು ನಡೆಯಿತು ಎಂದು ಹುಡುಕುವುದೇ ವಿಜ್ಞಾನದ ಕೆಲಸ. ಆದರೆ ಅಂಥ ರೋಗ ಬಂದ ಮನೆಯವರ ಕೈಗೆ ಆ ವರದಿ ಕೊಟ್ಟು ‘ನೋಡಿ, ಗುಣವಾಗುತ್ತದೆ’ ಎನ್ನುವುದು ಬೇರೆಯೇ ಕೆಲಸ.

ಕರುಳಿನ ಕಥೆಯನ್ನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ, ಇಲ್ಲೂ ಹೇಳುತ್ತೇನೆ. ರಕ್ತಕ್ಕೆ ಹೋಗದ ಕರ್ಕ್ಯುಮಿನ್ ಕರುಳಿನಲ್ಲೇ ಉಳಿಯುತ್ತದಲ್ಲ, ಹಾಗಾದರೆ ಕರುಳಿನ ಕಾಯಿಲೆಗೆ ಅದು ಸಾಕಾಗಬಹುದು. ಜಾಣ ಯೋಚನೆ. ಕೆಲವು ಕುಟುಂಬಗಳಲ್ಲಿ ದೊಡ್ಡ ಕರುಳಿನ ತುಂಬ ಸಣ್ಣ ಗುಳ್ಳೆಯಂಥ ಪಾಲಿಪ್‌ಗಳು ಬರುವ ಆನುವಂಶಿಕ ಕಾಯಿಲೆ ಇದೆ. ಬಿಟ್ಟರೆ ಕ್ಯಾನ್ಸರ್ ಆಗುತ್ತದೆ. 2006ರಲ್ಲಿ ಮಾರ್ಸಿಯಾ ಕ್ರೂಸ್-ಕೊರಿಯಾ ಎಂಬ ವೈದ್ಯೆ ಮತ್ತು ಸಂಗಡಿಗರು ಅಂಥ ಐದು ಮಂದಿಗೆ ಕರ್ಕ್ಯುಮಿನ್ ಜೊತೆಗೆ ಕ್ವೆರ್ಸೆಟಿನ್ ಎಂಬ ಇನ್ನೊಂದು ಸಸ್ಯವಸ್ತುವನ್ನು ಆರು ತಿಂಗಳು ಕೊಟ್ಟರು. ಪಾಲಿಪ್‌ಗಳ ಸಂಖ್ಯೆ ಶೇಕಡ 60ರಷ್ಟು ಇಳಿಯಿತು, ಗಾತ್ರ ಅರ್ಧಕ್ಕೆ ಬಂತು. ಎಷ್ಟು ಸಂತೋಷವಾಗಿರಬೇಕು! ಆದರೆ ಆ ವೈದ್ಯೆ ಸಂತೋಷಕ್ಕೆ ನಿಲ್ಲಲಿಲ್ಲ. ಅದೇ ಕಾಯಿಲೆಯ 44 ಮಂದಿಯನ್ನು ಸೇರಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ಅದರಂತೆಯೇ ಕಾಣುವ, ಔಷಧವಿಲ್ಲದ ಬರೀ ಮಾತ್ರೆ ಕೊಟ್ಟು ವರ್ಷ ಪೂರ್ತಿ ನೋಡಿದರು. 2018ರಲ್ಲಿ ಬರೆದರು: ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ತಾನೇ ಹಚ್ಚಿದ ಆಸೆಯ ದೀಪವನ್ನು ತಾನೇ ಪರೀಕ್ಷೆಗೆ ಒಡ್ಡಿ, ಬಂದ ಉತ್ತರವನ್ನು ಮುಚ್ಚಿಡದೆ ಪ್ರಕಟಿಸಿದ ಆಕೆಯ ಮೇಲೆ ನನಗೆ ತುಂಬ ಗೌರವ. ಫೋನಿನ ಸಂದೇಶಗಳಲ್ಲಿ ಆ ಐದು ಮಂದಿ ಇನ್ನೂ ಓಡಾಡುತ್ತಿದ್ದಾರೆ. ನಲವತ್ತನಾಲ್ಕು ಮಂದಿಯ ಸುದ್ದಿ ಯಾರೂ ಕಳಿಸುವುದಿಲ್ಲ.

ಪೂರ್ತಿ ನಿರಾಶೆಯೂ ಬೇಡ. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾದಿಂದ ಬಾಯಲ್ಲಿ ಮೂಡುವ ಬಿಳಿ ಮಚ್ಚೆ ಮುಂದೆ ಕ್ಯಾನ್ಸರ್ ಆಗಬಹುದು. ಅಂಥ ಮಚ್ಚೆಯಿದ್ದ 223 ಮಂದಿಯ ಮೇಲೆ ನಮ್ಮ ದೇಶದಲ್ಲೇ ಆರು ತಿಂಗಳ ಪರೀಕ್ಷೆ ನಡೆಯಿತು; ಎಂ.ಎ. ಕುರಿಯಾಕೋಸ್ ಮತ್ತಿತರ ವೈದ್ಯರು 2016ರಲ್ಲಿ ವರದಿ ಮಾಡಿದರು. ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್ ತೆಗೆದುಕೊಂಡವರಲ್ಲಿ ಶೇಕಡ 67.5 ಮಂದಿಗೆ ಮಚ್ಚೆ ಕುಗ್ಗಿತು. ಬರೀ ಮಾತ್ರೆ ನುಂಗಿದವರಲ್ಲೂ ಶೇಕಡ 55.3 ಮಂದಿಗೆ ಕುಗ್ಗಿತು. ಕಣ್ಣಿಗೆ ಕಂಡ ಈ ವ್ಯತ್ಯಾಸ ಸೂಕ್ಷ್ಮದರ್ಶಕದ ಕೆಳಗೆ ಸ್ಪಷ್ಟವಾಗಿ ಕಾಣಲಿಲ್ಲ. ಸಣ್ಣ ಲಾಭ, ಇನ್ನೂ ನೋಡಬೇಕಾದ ಲಾಭ. ಬಾಯಿ ಎಂದರೆ ಔಷಧ ನೇರವಾಗಿ ಸೋಕುವ ಜಾಗ ಎಂಬುದನ್ನು ಗಮನಿಸಿ. ಆದರೂ ಬಾಯಲ್ಲಿ ಮಚ್ಚೆ ಇರುವವರು ಮೊದಲು ಹೊಗೆಸೊಪ್ಪು ಬಿಡಲಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಯಾವ ಕರ್ಕ್ಯುಮಿನ್ ಮಾತ್ರೆಯೂ ಅದಕ್ಕೆ ಸಮವಲ್ಲ.

ಇಷ್ಟಾದ ಮೇಲೂ ‘ಕೀಮೋ ಜೊತೆಗೆ ತೆಗೆದುಕೊಂಡರೆ ನಷ್ಟವೇನು?’ ಎಂದು ಕೇಳುತ್ತಾರೆ. ಈ ಮಾತನ್ನು ಒಂದು ಕಾಲಕ್ಕೆ ನಾನೇ ಆಡಿದ್ದೆ. ನನ್ನ ಭಾವನವರಿಗೆ ಕ್ಯಾನ್ಸರ್ ಬಂದು ಕೀಮೋ ನಡೆಯುತ್ತಿತ್ತು. ಯಾರೋ ತಂದುಕೊಟ್ಟ ಕರ್ಕ್ಯುಮಿನ್-ಮೆಣಸಿನ ಮಾತ್ರೆಯ ಡಬ್ಬಿ ತೋರಿಸಿ ಕೇಳಿದಾಗ ‘ಅರಿಸಿನ ತಾನೆ, ತೊಗೊಳ್ಳಿ, ತಪ್ಪೇನಿಲ್ಲ’ ಎಂದೆ. ನಾಲ್ಕನೇ ಸುತ್ತಿಗೆ ಹೋದಾಗ ಪಿತ್ತಜನಕಾಂಗದ ಪರೀಕ್ಷೆಯ ಅಂಕಿಗಳು ಏರಿದ್ದವು. ಕೀಮೋ ಮೂರು ವಾರ ಮುಂದೆ ಹೋಯಿತು. ಮಾತ್ರೆ ನಿಲ್ಲಿಸಿದ ಮೇಲೆ ಅಂಕಿ ಇಳಿಯಿತು. ಅದಕ್ಕೆ ಮಾತ್ರೆಯೇ ಕಾರಣ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಮೂರು ವಾರ ನನ್ನ ಅಕ್ಕ ರಾತ್ರಿ ನಿದ್ದೆ ಮಾಡಲಿಲ್ಲ. ಭಾವ ತನ್ನ ವೈದ್ಯರಿಗೆ ಈ ಮಾತ್ರೆಯ ವಿಷಯ ಹೇಳಿರಲೇ ಇಲ್ಲ. ‘ನೀನು ಹೇಳಿದ್ದೀಯಲ್ಲ’ ಎಂದು ಸುಮ್ಮನಿದ್ದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಗ ನಾನು ಯೋಚಿಸದೇ ಬಿಟ್ಟದ್ದು ಮೆಣಸಿನ ಬಗ್ಗೆ. ಪೈಪರೀನ್ ಕರ್ಕ್ಯುಮಿನ್‌ಗೆ ಬಾಗಿಲು ತೆರೆಯುವುದು ಹೇಗೆ? ಬಾಲ ಹಚ್ಚಿ ಹೊರಸಾಗಿಸುವ ಕಾವಲುಗಾರರ ಕೈ ಕಟ್ಟಿಹಾಕಿ. ಕೈ ಕಟ್ಟಿದ ಮೇಲೆ ಅವರು ಬೇರೆ ಔಷಧಗಳನ್ನೂ ಸರಿಯಾಗಿ ಸಂಭಾಳಿಸಲಾರರು. ಕೀಮೋದ ಎಷ್ಟೋ ಔಷಧಗಳು ಇದೇ ದಾರಿಯಲ್ಲಿ ಹೋಗಬೇಕಾದವು. ಒಂದು ಮೈಯಲ್ಲಿ ಹೆಚ್ಚು ಉಳಿದುಬಿಡಬಹುದು, ಇನ್ನೊಂದು ಕಡಿಮೆಯಾಗಬಹುದು. ಸ್ತನ ಕ್ಯಾನ್ಸರಿನ ಬಹಳ ಮಂದಿ ವರ್ಷಗಟ್ಟಲೆ ನುಂಗುವ ಟ್ಯಾಮಾಕ್ಸಿಫೆನ್ ಮಾತ್ರೆಯನ್ನೇ ನೋಡಿ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ 16 ಮಹಿಳೆಯರಲ್ಲಿ ಅಳೆದು ನೋಡಿದಾಗ, ಕರ್ಕ್ಯುಮಿನ್ ಜೊತೆ ಕೊಟ್ಟರೆ ಅದರ ಕೆಲಸ ಮಾಡುವ ರೂಪ ರಕ್ತದಲ್ಲಿ ಶೇಕಡ 7.7ರಷ್ಟು, ಪೈಪರೀನೂ ಸೇರಿದರೆ ಶೇಕಡ 12.4ರಷ್ಟು ಇಳಿದಿತ್ತು, ಇದು 2019ರ ವರದಿ. ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧದ ಪರಿಣಾಮವನ್ನು ಕರ್ಕ್ಯುಮಿನ್ ತಗ್ಗಿಸಿದ್ದು ಸ್ತನ ಕ್ಯಾನ್ಸರಿನ ಇಲಿಗಳಲ್ಲಿ 2002ರಲ್ಲೇ ಕಂಡಿತ್ತು. ಅಮೆರಿಕದಲ್ಲಿ ಔಷಧಗಳಿಂದಾಗುವ ಪಿತ್ತಜನಕಾಂಗದ ಹಾನಿಯನ್ನು ದಾಖಲಿಸುವ ವೈದ್ಯರ ಜಾಲವೊಂದು ಅರಿಸಿನದ ಮಾತ್ರೆಗಳಿಂದ ತೊಂದರೆಯಾದ 10 ಮಂದಿಯ ವಿವರ ಕೊಟ್ಟಿದೆ. ಅವರಲ್ಲಿ ಒಬ್ಬರು ತೀರಿಕೊಂಡರು. ಏಳು ಮಂದಿಯಲ್ಲಿ ಒಂದೇ ಬಗೆಯ ಜೀನ್ ಇತ್ತು. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಮಾತ್ರೆ ಕೊಳ್ಳುವಾಗ ತಿಳಿಯುವುದಿಲ್ಲ. ಇದೆಲ್ಲ ಸಾರಿನ ಅರಿಸಿನದ ಮಾತಲ್ಲ, ಹಿಂಡಿ ಗಟ್ಟಿ ಮಾಡಿದ ಮಾತ್ರೆಯ ಮಾತು.

ಬೆಳೆಗಾರರ ಕಾಗದದಲ್ಲಿದ್ದ ‘ವಿಷ’ ಎಂಬ ಪದಕ್ಕೂ ಉತ್ತರಿಸಬೇಕಿತ್ತು. ಕೀಮೋ ವಿಷ ಹೌದು, ಮತ್ತು ಅದರಲ್ಲಿ ಕೆಲವು ಗಿಡಗಳಿಂದಲೇ ಬಂದವು. ನಮ್ಮ ಹಿತ್ತಿಲಲ್ಲಿ ನೀರೂ ಕೇಳದೆ ಬೆಳೆಯುವ ನಿತ್ಯಪುಷ್ಪ, ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ, ಮಡಗಾಸ್ಕರ್ ದ್ವೀಪದ ಹೂ. ಅದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಜಮೈಕಾದಲ್ಲಿ ನಂಬಿದ್ದರು. 1952ರಲ್ಲಿ ಅಲ್ಲಿಂದ ಬಂದ 25 ಎಲೆಗಳ ಒಂದು ಲಕೋಟೆ ಕೆನಡಾದ ವೆಸ್ಟರ್ನ್ ಆಂಟಾರಿಯೊ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಅವರ ಕೈಗೆ ಸೇರಿತು. ಇಲಿಗಳಿಗೆ ಕುಡಿಸಿದರೆ ಸಕ್ಕರೆ ಇಳಿಯಲಿಲ್ಲ. ಸೂಜಿಯಲ್ಲಿ ಕೊಟ್ಟರೆ ಇಲಿಗಳು ಸೋಂಕು ತಗುಲಿ ಸತ್ತವು, ಏಕೆಂದರೆ ಅವುಗಳ ಬಿಳಿ ರಕ್ತಕಣಗಳು ಕುಸಿದಿದ್ದವು. ನೋಬಲ್‌ಗೆ ಹೊಳೆಯಿತು: ಬಿಳಿ ಕಣ ಮಿತಿಮೀರಿ ಹೆಚ್ಚುವ ಕಾಯಿಲೆಗೆ ಇದು ಬೇಕಾಗಬಹುದು. ಅವರು ಮತ್ತು ಚಾರ್ಲ್ಸ್ ಬಿಯರ್ ಸೇರಿ 1958ರಲ್ಲಿ ಆ ವಸ್ತುವನ್ನು ಶುದ್ಧವಾಗಿ ತೆಗೆದರು, ಅದೇ ವಿನ್‌ಬ್ಲಾಸ್ಟಿನ್. ಅದೇ ಗಿಡದಿಂದ ಎಲೈ ಲಿಲ್ಲಿ ಕಂಪನಿಯವರು ತೆಗೆದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಬಂತು. ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಅದನ್ನು ಇತರ ಔಷಧಗಳ ಜೊತೆ ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳ ಮಕ್ಕಳ ವಾರ್ಡಿನಲ್ಲಿ ತೊಟ್ಟಿಕ್ಕುವ ಬಾಟಲಿಗಳಲ್ಲಿ ಈ ಹೂವಿನ ಸಾರವಿದೆ. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವಂತಿಲ್ಲ. ರಕ್ತನಾಳಕ್ಕೆ ಕೊಡಬೇಕಾದ್ದನ್ನು ತಪ್ಪಿ ಬೆನ್ನುಹುರಿಯ ನೀರಿಗೆ ಕೊಟ್ಟರೆ ಜೀವವೇ ಹೋಗುತ್ತದೆ.

ಹಾಗೆಂದು ಹಿತ್ತಿಲ ನಿತ್ಯಪುಷ್ಪದ ಎಲೆ ಅಗಿದರೆ ಯಾವ ಮಗುವಿನ ರಕ್ತ ಕ್ಯಾನ್ಸರೂ ಹೋಗುವುದಿಲ್ಲ. ಟನ್‌ಗಟ್ಟಲೆ ಒಣ ಎಲೆಯಿಂದ ಕೆಲವೇ ಗ್ರಾಂ ತೆಗೆದು, ಅಳೆದು, ಯಾವ ಸಿರೆಗೆ ಎಷ್ಟು ದಿನಕ್ಕೊಮ್ಮೆ ಎಂದು ಸಾವಿರಾರು ಮಕ್ಕಳ ಮೇಲೆ ಎಚ್ಚರದಿಂದ ಕಲಿತ ಮೇಲೆ ಅದು ಔಷಧವಾಯಿತು. ಗಿಡಮೂಲ ಎಂದರೆ ಸೌಮ್ಯ ಎಂದು ನಾವು ನಂಬಿದ್ದೇವೆ. ಕ್ಯಾನ್ಸರಿಗೆ ಔಷಧವಾದ ಗಿಡಗಳು ಸೌಮ್ಯವಾಗಿರಲಿಲ್ಲ. ಅರಿಸಿನ ಸೌಮ್ಯವಾಗಿದೆ, ಮೈ ಅದನ್ನು ಬಂದಂತೆಯೇ ಹೊರಗೆ ಕಳಿಸಿಬಿಡುತ್ತದೆ; ನಾವು ಅದನ್ನು ಮೂರು ಹೊತ್ತು ತಿಂದೂ ನೆಮ್ಮದಿಯಾಗಿರುವುದು ಅದರಿಂದಲೇ. ಹತ್ತಾರು ಕಡೆ ಈಗಲೂ ಕರ್ಕ್ಯುಮಿನ್ ಅಣುವಿನ ರೂಪ ಬದಲಿಸಿ, ಕೊಬ್ಬಿನ ಸಣ್ಣ ಹನಿಗಳೊಳಗೆ ಕೂರಿಸಿ, ಗಂಟಿನವರೆಗೆ ಮುಟ್ಟಿಸುವ ಕೆಲಸ ನಡೆಯುತ್ತಿದೆ. ಅವರಲ್ಲಿ ಯಾರಾದರೂ ಗೆದ್ದರೆ ನನ್ನಷ್ಟು ಖುಷಿ ಪಡುವವರು ಇರಲಿಕ್ಕಿಲ್ಲ. ಗೆದ್ದ ದಿನ ಅದು ಅರಿಸಿನವಾಗಿ ಉಳಿದಿರುವುದಿಲ್ಲ, ಅದಕ್ಕೂ ಒಂದು ಅಳತೆ, ಒಂದು ಎಚ್ಚರಿಕೆಯ ಚೀಟಿ ಇರುತ್ತದೆ.

ತ್ರಿಶ್ಶೂರಿನ ಕುಟ್ಟನ್ ಅವರ ತಂಡ 1987ರಲ್ಲಿ ಮಾಡಿದ ಇನ್ನೊಂದು ಕೆಲಸವನ್ನು ಹೇಳದೆ ಇರಲಾರೆ. ಮೈ ಹೊರಗೆ ಒಡೆದು ಹುಣ್ಣಾದ ಕ್ಯಾನ್ಸರ್ ಇದ್ದ 62 ರೋಗಿಗಳಿಗೆ ಅರಿಸಿನದ ಸಾರ ಮತ್ತು ಕರ್ಕ್ಯುಮಿನ್ ಮುಲಾಮನ್ನು ಹಚ್ಚಿದರು. ಗಡ್ಡೆಯ ಗಾತ್ರ, ನೋವು ಕಡಿಮೆಯಾದದ್ದು ಸುಮಾರು ಶೇಕಡ 10 ಮಂದಿಗೆ. ಆದರೆ ಹುಣ್ಣಿನ ವಾಸನೆ ಶೇಕಡ 90 ಮಂದಿಯಲ್ಲಿ ತಗ್ಗಿತು, ತುರಿಕೆ ಹೆಚ್ಚುಕಡಿಮೆ ಎಲ್ಲರಲ್ಲೂ. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಸಣ್ಣ ಅಧ್ಯಯನ. ಆದರೂ ಅಂಥ ಹುಣ್ಣಿನವರ ಕೋಣೆಗೆ ಹೋದವರಿಗೆ ಗೊತ್ತು, ನೋವಿಗಿಂತ ವಾಸನೆ ಅವರನ್ನು ಎಷ್ಟು ಕುಗ್ಗಿಸುತ್ತದೆ ಎಂದು. ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ. ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಾರೆ. ವಾಸನೆ ಕಡಿಮೆಯಾಗಿ ಒಬ್ಬ ಮಗಳು ಮಂಚದ ಪಕ್ಕ ಕೂರುವಂತಾದರೆ ಅದು ಸಣ್ಣ ಮಾತಲ್ಲ. ಕ್ಯಾನ್ಸರ್ ಕೊಲ್ಲುವ ಅರಿಸಿನದ ಹಿಂದೆ ಓಡುವಾಗ ಈ ಅರಿಸಿನವನ್ನು ನಾವು ಕೈಬಿಟ್ಟೆವಲ್ಲ ಎಂದು ಎಷ್ಟೋ ಸಲ ಅನಿಸಿದೆ.

ಬೆಳೆಗಾರರಿಗೆ ಕಾಗದ ಬರೆಯುತ್ತ ಕೂರದೆ ಫೋನ್ ಮಾಡಿದೆ. ಇಲ್ಲಿ ಬರೆದದ್ದರಲ್ಲಿ ಕಾಲು ಭಾಗ ಹೇಳಿರಬಹುದು. ಹರಡದ ಹಂತದ ಕ್ಯಾನ್ಸರಿಗೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಔಷಧ ನಂಬಿದ 281 ಮಂದಿಯನ್ನು ಚಿಕಿತ್ಸೆ ಪಡೆದವರ ಜೊತೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಹೋಲಿಸಿದ್ದನ್ನು ಹೇಳಿದೆ. ಸ್ತನ ಕ್ಯಾನ್ಸರಿನಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಮೀರಿತ್ತು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಕೊನೆಗೆ ‘ಸಾರಿಗೆ ಹಾಕಬಹುದಾ?’ ಎಂದರು. ಹಾಕಿ, ಮೊದಲು ಹಾಕುತ್ತಿದ್ದಷ್ಟೇ ಹಾಕಿ, ಮಾತ್ರೆ ಮಾತ್ರ ಬೇಡ, ಏನೇ ತೆಗೆದುಕೊಂಡರೂ ಆಸ್ಪತ್ರೆಯಲ್ಲಿ ಹೇಳಿ ಎಂದೆ.

ಸಂಕ್ರಾಂತಿ ಕಳೆದ ಮೇಲೆ ಅವರೇ ಫೋನ್ ಮಾಡಿದ್ದರು. ಮೂರು ಕೀಮೋ ಆಗಿದೆಯಂತೆ. ಕೂದಲೆಲ್ಲ ಹೋಗಿದೆ, ಗಂಟು ಸಣ್ಣಗಾಗಿದೆ ಎಂದು ಡಾಕ್ಟರು ಹೇಳಿದ್ದಾರೆ, ಇನ್ನೂ ಆಪರೇಷನ್ ಇದೆ. ಅರಿಸಿನ ಕಿತ್ತಾಗಿತ್ತು, ಬೇಯಿಸುವ ಕಾಲ. ಪ್ರತಿ ವರ್ಷ ಮನೆಯ ಮುಂದಿನ ಕಣದಲ್ಲೇ ಕೊಪ್ಪರಿಗೆ ಇಟ್ಟು ಬೇಯಿಸುವುದು. ಆ ಹಬೆ ಊರಿಗೆಲ್ಲ ಹರಡುತ್ತದೆ. ಈ ಸಲ ಆಕೆಗೆ ಆ ವಾಸನೆ ಹೊಟ್ಟೆ ತೊಳೆಸುತ್ತಿದೆ ಎಂದು ಕೊಪ್ಪರಿಗೆಯನ್ನು ಹೊಲದ ಆಚೆ ತುದಿಗೆ, ಗಾಳಿ ಮನೆಯ ಕಡೆ ಬೀಸದ ಜಾಗಕ್ಕೆ ಸಾಗಿಸಿ ಅಲ್ಲೇ ಒಲೆ ಹೂಡಿದ್ದಾರೆ. ನೀರು, ಸೌದೆ ಎಲ್ಲ ಅಲ್ಲಿಗೆ ಹೊತ್ತು ಎರಡಾಳಿನ ಕೂಲಿ ಹೆಚ್ಚಾಯಿತು ಎಂದರು.